ಫ್ಲಾಪಿಯೊಳಗಿನ ಸದ್ದಿಲ್ಲದ ಹಾಡು

ಹಳೆಯ ಅಟಾರಿ 1040 ಎಸ್‌ಟಿ ಕಂಪ್ಯೂಟರ್ ನನ್ನ ಕೈಗೆ ಬಂದಾಗ ಅದರ ಜೊತೆ ಒಂದು ಡಬ್ಬಿ ಫ್ಲಾಪಿಗಳೂ ಬಂದವು. ಎಣಿಸಿದೆ, 23 ಇದ್ದವು. ಮೊದಲಿನ ಮಾಲೀಕರು ಯಾರು ಅಂತ ನನಗೆ ಗೊತ್ತಿಲ್ಲ. ಮಾರಿದವರಿಗೂ ಗೊತ್ತಿರಲಿಲ್ಲ, ಅವರಿಗೂ ಅದು ಇನ್ಯಾರಿಂದಲೋ ಬಂದಿತ್ತು. ಬಹಳಷ್ಟು ಲೇಬಲ್‌ಗಳು ಮಾಸಿಹೋಗಿದ್ದವು. ಒಂದರ ಮೇಲೆ ಮಾತ್ರ ಪೆನ್ಸಿಲ್ ಬರಹ ಓದುವ ಹಾಗಿತ್ತು. ಹೊಸದು, ಇನ್ನೂ ಮುಗಿದಿಲ್ಲ ಅನ್ನುವ ಅರ್ಥದ ಎರಡು ಪದ, ಅಷ್ಟೇ.

ಆ ಫ್ಲಾಪಿಯಲ್ಲಿದ್ದ ಹಾಡಿನ ಜೊತೆ ನಾನು ಹೆಚ್ಚುಕಡಿಮೆ ಎರಡು ತಿಂಗಳು ಕಳೆದೆ. ದಿನಾ ರಾತ್ರಿ ಒಂದೊಂದು ಗಂಟೆ. ಆ ಎರಡು ತಿಂಗಳಲ್ಲಿ ಈ ಹಳೆಯ ಮೆಷಿನ್‌ಗಳ ಬಗ್ಗೆ ನನಗೆ ತಿಳಿದದ್ದು ಅದಕ್ಕೂ ಮೊದಲು ಓದಿ ತಿಳಿದದ್ದಕ್ಕಿಂತ ಜಾಸ್ತಿ.

ಮೊದಲು ಮೆಷಿನ್ ವಿಷಯ ಹೇಳಿಬಿಡುತ್ತೇನೆ. ಅಟಾರಿ ಎಸ್‌ಟಿ ಬಂದದ್ದು 1985ರಲ್ಲಿ. ಮರುವರ್ಷ 1040 ಬಂತು. ಒಳಗೆ 8 ಮೆಗಾಹರ್ಟ್ಸ್‌ನಲ್ಲಿ ಓಡುವ ಮೊಟೊರೊಲಾ 68000 ಪ್ರೊಸೆಸರ್, 1 ಮೆಗಾಬೈಟ್ ಮೆಮೊರಿ. ಕೀಬೋರ್ಡು, ಫ್ಲಾಪಿ ಡ್ರೈವು, ಪವರ್ ಸಪ್ಲೈ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಸಂಗೀತದವರು ಮನಸೋತದ್ದು ಮಾತ್ರ ಇನ್ನೊಂದು ಸಂಗತಿಗೆ. ಪೆಟ್ಟಿಗೆಯ ಮೈಯಲ್ಲೇ ಐದು ಪಿನ್ನಿನ ಎರಡು ದುಂಡನೆಯ ಸಾಕೆಟ್‌ಗಳಿದ್ದವು. ಒಂದು ಮಿಡಿ ಇನ್, ಇನ್ನೊಂದು ಮಿಡಿ ಔಟ್. ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಸುದ್ದಿ ಕಳಿಸುವ ಏರ್ಪಾಡು. ಸಿಂಥಸೈಜರ್‌ನಿಂದ, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದಿಂದ, ಎರಡು ಕೇಬಲ್ ತಂದು ಚುಚ್ಚಿದರೆ ಮುಗೀತು, ಬೇರೆ ಏನೂ ಕೊಳ್ಳಬೇಕಿರಲಿಲ್ಲ.

ಉಳಿದ ಹೋಮ್ ಕಂಪ್ಯೂಟರ್‌ಗಳಲ್ಲೂ ಈ ಕೆಲಸ ನಡೆಯುತ್ತಿತ್ತು. 1982ರ ಕಮೋಡೋರ್ 64ಕ್ಕೆ ಹಿಂದುಗಡೆ ಮಿಡಿ ಕಾರ್ಟ್ರಿಜ್ ಸಿಕ್ಕಿಸಿ, ಬರೀ 64 ಕಿಲೋಬೈಟ್ ಮೆಮೊರಿಯಲ್ಲಿ ಹಾಡು ಕೂಡಿಸಿದವರಿದ್ದಾರೆ. ಯಮಹಾದ ಸಿಎಕ್ಸ್‌5ಎಂ ತನ್ನ ಜೊತೆಗೇ ಒಂದು ಎಫ್‌ಎಂ ಸಿಂಥ್ ಹೊತ್ತು ಬಂತು. ಸ್ಪೆಕ್ಟ್ರಮ್ 128ರಲ್ಲಿ ಮಿಡಿ ಔಟ್ ಇತ್ತು, ಇನ್ ಇರಲಿಲ್ಲ. ಸಿಂಥ್‌ಗೆ ಹೇಳಬಹುದಿತ್ತು, ಅದರಿಂದ ಕೇಳಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಸ್ಟುಡಿಯೋಗಳಲ್ಲಿ ಕಾಯಂ ಜಾಗ ಹಿಡಿದು ಕೂತದ್ದು ಎಸ್‌ಟಿಯೇ. ಸ್ಟೈನ್‌ಬರ್ಗ್ ಕಂಪನಿಯ ಹಾಡು ಕೂಡಿಸುವ ಪ್ರೋಗ್ರಾಂ ಕ್ಯೂಬೇಸ್ 1989ರಲ್ಲಿ ಮೊದಲು ಓಡಿದ್ದು ಇದರ ಮೇಲೆ. ಸಿ-ಲ್ಯಾಬ್‌ನ ಅಂಥದ್ದೇ ಪ್ರೋಗ್ರಾಂಗಳಾದ ಕ್ರಿಯೇಟರ್ ಮತ್ತು ನೊಟೇಟರ್ ಇದರಲ್ಲೇ ಬೆಳೆದವು. ಅವುಗಳನ್ನು ಬರೆದವರೇ ಮುಂದೆ ಲಾಜಿಕ್ ಅನ್ನುವ ಪ್ರೋಗ್ರಾಂ ಮಾಡಿದರು. ಇವತ್ತು ಲ್ಯಾಪ್‌ಟಾಪ್‌ನಲ್ಲಿ ಸಂಗೀತ ಕೂಡಿಸುವ ಎಷ್ಟೋ ಜನರ ಕೈಗೆ ಗೊತ್ತಿರುವ ಕೆಲವು ಅಭ್ಯಾಸಗಳು ಈ ಬೂದು ಪೆಟ್ಟಿಗೆಯಲ್ಲಿ ಹುಟ್ಟಿದವು.

ಇನ್ನು ಮಿಡಿ. ನಮ್ಮ ಭಾಷೆಯಲ್ಲಿ ಮಿಡಿ ಅಂದರೆ ತಂತಿಯನ್ನು ಬೆರಳಿಂದ ಮೀಟುವುದು, ನಾಡಿ ಬಡಿದುಕೊಳ್ಳುವುದು. ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿ ಆದ ಹೆಸರು ಕನ್ನಡಕ್ಕೆ ಬಂದು ಇಷ್ಟು ಸರಿಯಾಗಿ ಕೂತದ್ದು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಯಾಕೆಂದರೆ ಮಿಡಿ ಕೇಬಲ್‌ನಲ್ಲಿ ಹರಿಯುವುದು ಸದ್ದಲ್ಲ, ಮೀಟಿದ ಸುದ್ದಿ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು. ಸದ್ದು ಮಾಡುವುದು ಆ ಕಡೆ ಕೂತಿರುವ ಸಿಂಥ್‌ನ ಕೆಲಸ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನುವ ವಾದ್ಯಗಳ ಪ್ರದರ್ಶನದಲ್ಲಿ ಎರಡು ಬೇರೆ ಕಂಪನಿಗಳ ಕೀಬೋರ್ಡ್‌ಗಳಿಗೆ ಕೇಬಲ್ ಜೋಡಿಸಿ ತೋರಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಸೀಕ್ವೆನ್ಷಿಯಲ್ ಕಂಪನಿಯ ಡೇವ್ ಸ್ಮಿತ್, ರೋಲ್ಯಾಂಡ್‌ನ ಇಕುಟಾರೊ ಕಾಕೆಹಾಶಿ ಇಬ್ಬರೂ ಇದಕ್ಕಾಗಿ ದುಡಿದವರು. ಮೂವತ್ತು ವರ್ಷ ಆದ ಮೇಲೆ, 2013ರಲ್ಲಿ, ಇಬ್ಬರಿಗೂ ಸೇರಿ ಟೆಕ್ನಿಕಲ್ ಗ್ರ್ಯಾಮಿ ಬಂತು.

ಬರೀ ಸುದ್ದಿ ಕಳಿಸುವುದರಿಂದ ಏನು ಲಾಭ ಅಂತ ಕೇಳಿದರೆ ಒಂದು ಲೆಕ್ಕ ಹೇಳುತ್ತೇನೆ. ಸಿ.ಡಿ. ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ನನ್ನ ಎಸ್‌ಟಿಯ ಇಡೀ ಮೆಮೊರಿಯಲ್ಲಿ ಅಂಥ ಸದ್ದು ಆರು ಸೆಕೆಂಡೂ ಹಿಡಿಸುವುದಿಲ್ಲ. ಮಿಡಿಯಲ್ಲಿ ಒಂದು ಸ್ವರ ಶುರುವಾಗಲು ಮೂರು ಬೈಟ್, ನಿಲ್ಲಲು ಮೂರು ಬೈಟ್. ಹಾಗಾಗಿ ಡ್ರಮ್ಸ್, ಬೇಸ್, ಪಿಯಾನೋ, ಸ್ಟ್ರಿಂಗ್ಸ್ ಎಲ್ಲ ಇರುವ ಹಾಡು ಸಣ್ಣದೊಂದು ಫೈಲಿನಲ್ಲಿ ಮುಗಿಯುತ್ತದೆ. ಆರು ಸೆಕೆಂಡಿನ ಸದ್ದು ಹಿಡಿಸದ ಕಡೆ ಒಬ್ಬರ ಹತ್ತು ಬೆರಳಿನ ಕೆಲಸ ಪೂರ್ತಿಯಾಗಿ ಹಿಡಿಸುತ್ತದೆ.

ಸಮಯದ ವಿಷಯಕ್ಕೆ ಬರೋಣ. ಹಳೆಯ ಎಸ್‌ಟಿ ಬಗ್ಗೆ ಮಾತು ಬಂದಾಗಲೆಲ್ಲ ಜನ 'ಅದರ ಟೈಮಿಂಗ್ ಗಟ್ಟಿ' ಅನ್ನುತ್ತಾರೆ. ಇದನ್ನು ಸುಮ್ನೆ ಹಳೆಯದರ ಮೇಲಿನ ಮೋಹ ಅಂತ ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಕಾರಣ ಇದೆ. ಮಿಡಿ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಓಡುತ್ತದೆ. ಒಂದು ಬೈಟ್‌ಗೆ ಮೊದಲಿನ ಮತ್ತು ಕೊನೆಯ ಗುರುತು ಸೇರಿ ಹತ್ತು ಬಿಟ್. ಅಂದರೆ ಬೈಟ್‌ಗೆ 320 ಮೈಕ್ರೋಸೆಕೆಂಡ್, ಒಂದು ಸ್ವರಕ್ಕೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. ಎಸ್‌ಟಿಯಲ್ಲಿ ಈ ಕೆಲಸಕ್ಕೆಂದೇ 6850 ಅನ್ನುವ ಚಿಪ್ ಇದೆ. ಅದಕ್ಕೆ 500 ಕಿಲೋಹರ್ಟ್ಸ್ ಗಡಿಯಾರ ಕೊಟ್ಟಿದ್ದಾರೆ. 16ರಿಂದ ಭಾಗಿಸಿ ನೋಡಿ, ಸರಿಯಾಗಿ 31,250. ಸೀಕ್ವೆನ್ಸರ್, ಅಂದರೆ ಸ್ವರಗಳನ್ನು ಸಾಲಾಗಿ ಇಟ್ಟುಕೊಂಡು ನುಡಿಸುವ ಪ್ರೋಗ್ರಾಂ, ಟೈಮರ್‌ಗೆ ಕಾಯುತ್ತಾ ಕೂತಿರುತ್ತದೆ. ಹೊತ್ತು ಬಂದ ಕೂಡಲೇ ಬೈಟನ್ನು ಆ ಚಿಪ್ಪಿಗೆ ಕೊಡುತ್ತದೆ. ಬೈಟ್ ಕೇಬಲ್ ಹಿಡಿದು ಹೋಗುತ್ತದೆ. ನಡುವೆ ಯಾರೂ ಇಲ್ಲ.

ಇವತ್ತಿನ ಕಂಪ್ಯೂಟರ್ ಇದಕ್ಕಿಂತ ಸಾವಿರಾರು ಪಟ್ಟು ಚುರುಕು. ಅದನ್ನು ನಾನೂ ದಿನಾ ಬಳಸುತ್ತೇನೆ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಅಲ್ಲಿ ಒಂದೇ ಹೊತ್ತಿಗೆ ನೂರು ಕೆಲಸ. ಮಿಡಿ ಸುದ್ದಿ ಯುಎಸ್‌ಬಿ ಸರದಿಯಲ್ಲಿ ನಿಲ್ಲಬೇಕು, ಉಳಿದವರ ನಡುವೆ ನುಸುಳಬೇಕು. ತಡವಾಗುವುದೇ ದೊಡ್ಡ ತೊಂದರೆ ಅಲ್ಲ. ಪ್ರತಿ ಸಲವೂ ಐದು ಮಿಲಿಸೆಕೆಂಡ್ ತಡವಾದರೆ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆ ಎರಡು, ಒಮ್ಮೆ ಏಳು, ಮತ್ತೊಮ್ಮೆ ಮೂರು ಅಂತ ಬಂದರೆ ಕೈ ಯಾವುದಕ್ಕೆ ಒಗ್ಗಬೇಕು? ಲಯ ಸಡಿಲವಾದದ್ದು ಕಿವಿಗೆ ಬೀಳುತ್ತದೆ, ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹೈ-ಹ್ಯಾಟ್, ಅಂದರೆ ಡ್ರಮ್ಸ್‌ನ ಜೋಡಿ ತಾಳ, ಒಂದನ್ನೇ ಹತ್ತು ನಿಮಿಷ ಕೇಳಿದರೆ ಗೊತ್ತಾಗುತ್ತದೆ.

ಎಸ್‌ಟಿ ಪರಿಪೂರ್ಣ ಅಂತ ಹೇಳುತ್ತಿಲ್ಲ. ಒಂದೇ ಕೇಬಲ್, ಒಂದರ ಹಿಂದೆ ಒಂದು ಬೈಟ್. ಹತ್ತು ಬೆರಳೂ ಒಟ್ಟಿಗೆ ಇಳಿದ ಕಾರ್ಡ್, ಅಂದರೆ ಒಮ್ಮೆಗೇ ನುಡಿಯುವ ಸ್ವರಗಳ ಗುಂಪು, ಹೊರಡಬೇಕಾದರೆ, ಪ್ರತಿ ಸ್ವರಕ್ಕೂ ಮೂರು ಬೈಟ್ ಹಿಡಿದರೆ, 9.6 ಮಿಲಿಸೆಕೆಂಡ್ ಬೇಕು. ಒಂದೇ ಥರದ ಸುದ್ದಿ ಸಾಲಾಗಿ ಬಂದರೆ ಮೊದಲ ಬೈಟನ್ನು ಮತ್ತೆ ಮತ್ತೆ ಕಳಿಸಬೇಕಿಲ್ಲ ಅನ್ನುವ ಒಂದು ಉಳಿತಾಯ ಮಿಡಿಯಲ್ಲಿದೆ. ಆಗಲೂ 6.7 ಮಿಲಿಸೆಕೆಂಡ್. ಅದೇ ಕ್ಷಣಕ್ಕೆ ಡ್ರಮ್ಸೂ ಬೇಸೂ ಇದ್ದರೆ ಅವು ಸರದಿಯಲ್ಲಿ ಹಿಂದೆ ಬೀಳುತ್ತವೆ. ಅದಕ್ಕೇ ಪಳಗಿದವರು ಡ್ರಮ್ಸ್‌ಗೆ ಮೊದಲ ಟ್ರ್ಯಾಕ್ ಕೊಡುತ್ತಿದ್ದರು. ಸ್ಟ್ರಿಂಗ್ಸ್ ಥರ ನಿಧಾನವಾಗಿ ಏಳುವ ಸದ್ದನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಿದ್ದರು. ಮೊದಲ ಎಣಿಕೆಯ ಮೇಲೆ ಯಾರು ಮೊದಲು ಹೋಗಬೇಕು ಅಂತ ಕೂತು ಯೋಚಿಸುವುದು ನನಗೆ ತುಂಬಾ ಇಷ್ಟವಾದ ಕೆಲಸ. ಅದು ಕಂಪ್ಯೂಟರ್ ಕೆಲಸ ಅಂತ ನನಗೆ ಅನ್ನಿಸುವುದೇ ಇಲ್ಲ, ಅದು ಸಂಗೀತದ್ದೇ ಕೆಲಸ.

ಈಗ ಫ್ಲಾಪಿಗಳಿಗೆ ಬರುತ್ತೇನೆ. ಮೊದಲ ಫ್ಲಾಪಿಯ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಪವರ್ ಸಪ್ಲೈನ ಹಳೆಯ ಕೆಪಾಸಿಟರ್‌ಗಳನ್ನು ಬದಲಾಯಿಸಿ, ಸಾಕೆಟ್‌ನಲ್ಲಿ ಸಡಿಲವಾಗಿದ್ದ ಚಿಪ್‌ಗಳನ್ನು ಒತ್ತಿ ಕೂರಿಸಿ, ಮೆಷಿನ್ ಚೆನ್ನಾಗಿ ಎದ್ದ ಖುಷಿಯಲ್ಲಿ ಫ್ಲಾಪಿಯನ್ನು ನೇರವಾಗಿ ಡ್ರೈವ್‌ಗೆ ತಳ್ಳಿಬಿಟ್ಟೆ. ಕರಕರ ಅಂತ ಸದ್ದು ಬಂತು. ಹೊರಗೆ ತೆಗೆದು ತಗಡಿನ ಬಾಗಿಲು ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಉಂಗುರದ ಹಾಗೆ ಒಂದು ಗೆರೆ. ಆ ಕಂದು ಲೇಪನವೇ ಹಾಡು. ಅದು ಪುಡಿಯಾಗಿ ಡ್ರೈವ್‌ನ ಹೆಡ್ ಮೇಲೆ ಕೂತಿತ್ತು. ಅದರಲ್ಲಿ ಏನಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಉಳಿದ 22ಕ್ಕೆ ಅವಸರ ಮಾಡಲಿಲ್ಲ. ಪ್ರತಿಯೊಂದರ ಮೂಲೆಯ ಕಿಂಡಿ ತೆರೆದು, ಅದರ ಮೇಲೆ ಯಾವ ಮೆಷಿನ್ನೂ ಬರೆಯದ ಹಾಗೆ ಮಾಡಿದೆ. ಒಂದೊಂದು ಓದಿದ ಮೇಲೂ ಹೆಡ್ ಒರೆಸಿದೆ. ಓದಿದ್ದು ಎಸ್‌ಟಿಯಲ್ಲಲ್ಲ, ಗ್ರೀಸ್‌ವೀಜಲ್ ಅನ್ನುವ ಪುಟ್ಟ ಬೋರ್ಡ್‌ನಲ್ಲಿ. ಅದು ಫೈಲುಗಳನ್ನು ಹುಡುಕುವುದಿಲ್ಲ, ತಟ್ಟೆಯ ಮೇಲಿನ ಕಾಂತದ ಏರಿಳಿತವನ್ನೇ ಇದ್ದ ಹಾಗೆ ಎತ್ತಿಕೊಳ್ಳುತ್ತದೆ. ಇದು ಬೇಕೇಬೇಕಿತ್ತು. ಎಸ್‌ಟಿ ಬಳಸುವವರು ಜಾಗ ಉಳಿಸಲು ಫ್ಲಾಪಿಯ ಒಂದು ಟ್ರ್ಯಾಕ್‌ನಲ್ಲಿ, ಅಂದರೆ ತಟ್ಟೆಯ ಮೇಲಿನ ಒಂದು ಸುತ್ತಿನಲ್ಲಿ, 9 ಸೆಕ್ಟರ್ ಇರಬೇಕಾದ ಕಡೆ 10 ತುಂಬುತ್ತಿದ್ದರು, 80 ಟ್ರ್ಯಾಕ್ ಇರಬೇಕಾದ ಕಡೆ 82 ಬರೆಯುತ್ತಿದ್ದರು. ಅಂಥ ಫ್ಲಾಪಿ ಕಂಡರೆ ಈಗಿನ ಯುಎಸ್‌ಬಿ ಡ್ರೈವ್ ಕೈಚೆಲ್ಲುತ್ತದೆ. ನಿಮ್ಮ ಹತ್ತಿರ ಇಂಥ ಡಬ್ಬಿ ಇದ್ದರೆ ಮೊದಲು ನಕಲು, ಆಮೇಲೆ ಕುತೂಹಲ. ಬೇರೆಲ್ಲ ನಿಧಾನವಾಗಿ ಮಾಡಬಹುದು, ಇದು ಮಾತ್ರ ಬೇಗ ಆಗಬೇಕು.

22ರಲ್ಲಿ 19 ಪೂರ್ತಿಯಾಗಿ ಉಳಿದಿದ್ದವು. ಪೆನ್ಸಿಲ್ ಬರಹದ್ದೂ ಉಳಿದಿತ್ತು.

ನಕಲನ್ನು ಎಸ್‌ಟಿಗೆ ಹಾಕಿ ಫೈಲ್ ತೆರೆದೆ. ಹೊತ್ತು ಹಿಡಿಯುವಾಗ ಎಸ್‌ಟಿಯ ಪರದೆಯ ಮೇಲೆ ಬಾಣದ ಬದಲು ಒಂದು ಜೇನುನೊಣ ಬಂದು ಕೂರುತ್ತದೆ. ಅದು ಕೂತಿತ್ತು, ಹೋಯಿತು, ಹಾಡು ಬಂತು. ಕ್ರಿಯೇಟರ್‌ನಲ್ಲಿ ಕೂಡಿಸಿದ್ದು. ಪ್ರೋಗ್ರಾಂನ ಬೀಗದ ಕೈ, ಅಂದರೆ ಡಾಂಗಲ್, ಮೆಷಿನ್‌ನ ಕಾರ್ಟ್ರಿಜ್ ಸ್ಲಾಟ್‌ನಲ್ಲಿ ಮೊದಲಿನಿಂದಲೂ ಹಾಗೇ ಇತ್ತು. ಅದಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಎಂಟು ಪ್ಯಾಟರ್ನ್, ಅಂದರೆ ಹಾಡಿನ ಎಂಟು ತುಂಡು. ಒಂದೊಂದೂ ಎಂಟು ಬಾರ್, ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು. ಟ್ರ್ಯಾಕ್‌ಗಳಿಗೆ ಹೆಸರು ಇಟ್ಟಿರಲಿಲ್ಲ. ಸ್ಪೇಸ್‌ಬಾರ್ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತೆ, ಆಮೇಲೆ ಪ್ಲೇ ಒತ್ತಿದೆ.

ಕೇಳಿಸಿದ್ದು ಗೊಂದಲ. ಪಿಯಾನೋದ ಕೆಳಗಿನ ಸ್ವರಗಳು ತಟತಟ ಬಡಿಯುತ್ತಿದ್ದವು, ಅವುಗಳ ಮೇಲೆ ಎಲೆಕ್ಟ್ರಿಕ್ ಪಿಯಾನೋದ ಕಾರ್ಡ್ ಒಂದು ಸಲ ಟಂಗ್ ಅಂದು ಆರಿಹೋಗುತ್ತಿತ್ತು.

ಆಮೇಲೆ ಅರ್ಥವಾಯಿತು. ಫೈಲಿನಲ್ಲಿ ಸದ್ದಿಲ್ಲ, ಇರುವುದು ಬೆರಳು ಮಾತ್ರ. ಯಾವ ನಂಬರ್‌ಗೆ ಯಾವ ವಾದ್ಯ ಅಂತ ಎಲ್ಲರೂ ಒಪ್ಪುವ ಪಟ್ಟಿ, ಜನರಲ್ ಮಿಡಿ, ಬಂದದ್ದು 1991ರಲ್ಲಿ. ಅದಕ್ಕೂ ಮುಂಚೆ ಒಂದು ಸಿಂಥ್‌ನ 5ನೇ ನಂಬರ್ ಕೊಳಲಾದರೆ ಇನ್ನೊಂದರ 5ನೇ ನಂಬರ್ ಗಂಟೆಯ ಸದ್ದಾಗಿರಬಹುದು. ನನ್ನ ಸೌಂಡ್ ಮಾಡ್ಯೂಲ್, ಅಂದರೆ ಕೀಗಳಿಲ್ಲದ ಸಿಂಥ್ ಪೆಟ್ಟಿಗೆ, ಜನರಲ್ ಮಿಡಿಯದ್ದು. ಅದಕ್ಕೆ 5 ಅಂದರೆ ಎಲೆಕ್ಟ್ರಿಕ್ ಪಿಯಾನೋ. ಈ ಹಾಡಿನ ಮಾಲೀಕರಿಗೆ 5 ಏನಾಗಿತ್ತು? ಸ್ವರಗಳನ್ನು ನೋಡಿದೆ. ಒಂದೊಂದು ಕಾರ್ಡನ್ನೂ ಎರಡು ಪೂರ್ತಿ ಬಾರ್ ಹಿಡಿದಿದ್ದಾರೆ. ಆರಿಹೋಗುವ ಸದ್ದನ್ನು ಯಾರೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ಅದು ಎಳೆಯುವ ಸದ್ದೇ ಆಗಿರಬೇಕು, ಸ್ಟ್ರಿಂಗ್ಸೋ ಆರ್ಗನ್ನೋ. ಸ್ಟ್ರಿಂಗ್ಸ್ ಹಾಕಿದೆ. ಕಾರ್ಡ್‌ನಿಂದ ಕಾರ್ಡ್‌ಗೆ ಹೋಗುವಾಗ ನಡುವಿನ ಬೆರಳನ್ನು ಎತ್ತದೆ ಉಳಿಸಿಕೊಂಡದ್ದು ಆಗ ಕೇಳಿಸಿತು. ಸರಿ ಹೋಯಿತು.

ಡ್ರಮ್ಸ್‌ಗೆ ಮೂರು ವಾರ ಹಿಡಿಯಿತು. ತಟತಟ ಬಡಿಯುತ್ತಿದ್ದ ಪಿಯಾನೋವೇ ಡ್ರಮ್ಸ್. ಒಂದೊಂದು ಕೀಗೆ ಒಂದೊಂದು ತಾಳವಾದ್ಯ ಕೂರಿಸಿದ್ದರು, ಆದರೆ ಯಾವುದಕ್ಕೆ ಯಾವುದು ಅಂತ ಹೇಳುವ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸದ್ದನ್ನು ಕೀಗಳಿಗೆ ಕೂರಿಸುವ ಯಂತ್ರ, ಈಗಿಲ್ಲ. ನುಡಿಸಿದ ಪ್ರತಿ ಸ್ವರವನ್ನೂ ಒಂದೊಂದು ಸಾಲಾಗಿ ತೋರಿಸುವ ಈವೆಂಟ್ ಲಿಸ್ಟ್ ತೆರೆದು ಸಾಲು ಸಾಲಾಗಿ ಓದಿದೆ. ಎರಡು ಮತ್ತು ನಾಲ್ಕನೇ ಎಣಿಕೆಯ ಮೇಲೆ ತಪ್ಪದೆ ಬರುವ ನಂಬರ್ 50. ಅದು ಸ್ನೇರ್. ಒಂದನೇ ಎಣಿಕೆಗೆ ಬಿದ್ದು, ಮೂರಕ್ಕಿಂತ ಅರ್ಧ ಎಣಿಕೆ ಮುಂಚೆ ಮತ್ತೆ ಬೀಳುವ 48, ಅದು ಕಿಕ್. ಎಣಿಕೆಗೆ ಎರಡರಂತೆ ಸಾಗುವ, ಒಂದು ಜೋರು ಒಂದು ಮೆದು ಇರುವ 55, ಅದು ಹೈ-ಹ್ಯಾಟ್. ಪ್ಯಾಟರ್ನ್‌ನ ಮೊದಲ ಕ್ಷಣಕ್ಕೆ ಮಾತ್ರ, 127ರ ಪೂರ್ತಿ ಜೋರಿನಲ್ಲಿ ಬರುವ 59, ಕ್ರ್ಯಾಶ್. ಒಂದೊಂದನ್ನೂ ಸರಿಯಾದ ಸದ್ದಿಗೆ ತಿರುಗಿಸುತ್ತಾ ಹೋದ ಹಾಗೆ ಗೊಂದಲದ ಒಳಗಿಂದ ಒಂದು ಹಾಡು ಮೇಲೆದ್ದು ಬಂತು. ನಿಮಿಷಕ್ಕೆ 96 ಎಣಿಕೆ. ಆತುರವಿಲ್ಲದ, ಸ್ವಲ್ಪ ದುಃಖದ ಹಾಡು.

ಆಮೇಲಿನದ್ದು ನಾನು ಎದುರುನೋಡಿರಲಿಲ್ಲ. ಡ್ರಮ್ಸ್ ಎಲ್ಲ ಗೆರೆ ಎಳೆದ ಹಾಗೆ ನೇರವಾಗಿ ಕೂತಿದ್ದವು. ಕ್ವಾಂಟೈಸ್ ಮಾಡಿದ್ದಾರೆ, ಅಂದರೆ ಆಚೀಚೆ ಬಿದ್ದ ಸ್ವರಗಳನ್ನು ಎಣಿಕೆಯ ಮೇಲೆ ತಂದು ಕೂರಿಸಿದ್ದಾರೆ. ಆದರೆ ಕ್ರಿಯೇಟರ್‌ನ ಕ್ವಾಂಟೈಸ್ ನುಡಿಸಿದ್ದನ್ನು ಅಳಿಸುವುದಿಲ್ಲ. ಕೇಳಿಸುವುದನ್ನು ಮಾತ್ರ ನೇರ ಮಾಡುತ್ತದೆ, ಅಸಲಿ ಕೈ ಕೆಳಗೆ ಹಾಗೇ ಇರುತ್ತದೆ. ನಾನು ಕ್ವಾಂಟೈಸ್ ಆಫ್ ಮಾಡಿದೆ.

ಲಿಸ್ಟ್‌ನಲ್ಲಿ ಅಂಕಿಗಳು ಬದಲಾದವು. ಈ ಪ್ರೋಗ್ರಾಂ ಒಂದು ಎಣಿಕೆಯನ್ನು 192 ಚೂರು ಮಾಡುತ್ತದೆ. ನಾಲ್ಕನೇ ಎಣಿಕೆಯ ಸ್ನೇರ್ ಪ್ರತಿ ಬಾರ್‌ನಲ್ಲೂ ಆರು, ಏಳು, ಎಂಟು ಚೂರು ತಡ. ಏಳು ಚೂರು ಅಂದರೆ ಈ ವೇಗಕ್ಕೆ ಸುಮಾರು 23 ಮಿಲಿಸೆಕೆಂಡ್. ಎರಡನೇ ಎಣಿಕೆಯದ್ದು ಸರಿಯಾಗೇ ಇದೆ, ನಾಲ್ಕನೆಯದ್ದು ಮಾತ್ರ ಹೀಗೆ. ತಪ್ಪಿ ಆದದ್ದಲ್ಲ, ಅದು ಅವರ ಕೈಯ ನಡೆ. ಆರನೇ ಪ್ಯಾಟರ್ನ್‌ನ ಕೊನೆಯಲ್ಲಿ ಎರಡೂ ಕೈಯಿಂದ ಒಂದು ಫಿಲ್, ಅಂದರೆ ಡ್ರಮ್ಸ್‌ನ ಸಣ್ಣ ಮುಕ್ತಾಯದ ಬಡಿತ, ನುಡಿಸಿದ್ದಾರೆ. ಅಲ್ಲಿ ಅದೇ ಕೈ ಓಡುತ್ತದೆ, ಎಣಿಕೆಗಿಂತ ಮುಂದೆ ಮುಂದೆ. ಬೇಸ್ ಟ್ರ್ಯಾಕ್‌ನಲ್ಲಿ ಒಂದು ಕಡೆ ಪಕ್ಕದ ಕೀ 9ರ ಜೋರಿನಲ್ಲಿ, ಎರಡೇ ಚೂರು ಹೊತ್ತು, ಒತ್ತಿಹೋಗಿದೆ. ಕಿರುಬೆರಳು ಸವರಿಕೊಂಡು ಹೋದದ್ದು. ಕಿವಿಗೆ ಅದು ಕೇಳಿಸುವುದೇ ಇಲ್ಲ. ಲಿಸ್ಟ್‌ನಲ್ಲಿ ಮಾತ್ರ ಇದೆ.

ನಾನು ಆ ಸಾಲನ್ನು ಎಷ್ಟೋ ಹೊತ್ತು ನೋಡುತ್ತಾ ಕೂತೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಅವರ ಕಿರುಬೆರಳು ಯಾವ ಕ್ಷಣ ಎಲ್ಲಿ ತಾಗಿತು ಅನ್ನುವುದು ಮಾತ್ರ ಮೂರು ಮಿಲಿಸೆಕೆಂಡಿನ ಲೆಕ್ಕದಲ್ಲಿ ಗೊತ್ತು. ಸದ್ದು ರೆಕಾರ್ಡ್ ಆಗಿದ್ದರೆ ನಾನು ಹಾಡನ್ನು ಕೇಳುತ್ತಿದ್ದೆ, ಅವರ ಕೈಯನ್ನು ಇಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲ.

ಕ್ವಾಂಟೈಸ್ ಇಲ್ಲದೆ ಹಾಡು ನನಗೆ ಜಾಸ್ತಿ ಇಷ್ಟವಾಗುತ್ತದೆ. ಆ ತಡವಾದ ನಾಲ್ಕನೇ ಎಣಿಕೆಯಿಂದ ಹಾಡಿಗೆ ಒಂದು ಭಾರ ಬರುತ್ತದೆ. ಆದರೆ ನೇರ ಮಾಡಿದ್ದು ಅವರೇ ಅಲ್ವಾ. ಹಾಗೆ ಕೇಳಿಸಬೇಕು ಅಂತ ಅವರೇ ತೀರ್ಮಾನ ಮಾಡಿದ್ದರು. ನಾನು ಒಬ್ಬನೇ ಕೂತಾಗ ಆಫ್ ಮಾಡಿ ಕೇಳುತ್ತೇನೆ. ಸೇವ್ ಮಾಡುವಾಗ ಅವರು ಇಟ್ಟ ಹಾಗೇ ಇಡುತ್ತೇನೆ. ಎಲ್ಲ ಪ್ರೋಗ್ರಾಂಗಳೂ ಓದುವ ಸ್ಟ್ಯಾಂಡರ್ಡ್ ಮಿಡಿ ಫೈಲ್ ಆಗಿ ತೆಗೆದದ್ದು ಒಂದು ಪ್ರತಿ, ಕ್ರಿಯೇಟರ್‌ನದ್ದೇ ಫೈಲ್ ಇನ್ನೊಂದು ಪ್ರತಿ. ಎರಡೂ ಬೇಕು. ಮಿಡಿ ಫೈಲ್‌ಗೆ ಹೋದಾಗ ಹೀಗೆ ಕೆಳಗೆ ಅಡಗಿದ ಕೈ ಜೊತೆಗೆ ಹೋಗುವುದಿಲ್ಲ. ಯಾವುದು ಕೇಳಿಸುತ್ತದೋ ಅದಷ್ಟೇ ಹೋಗುತ್ತದೆ. ಹಳೆಯ ಮೆಷಿನ್ನಿನ ಹಾಗೆ ನಟಿಸುವ ಎಮುಲೇಟರ್ ಪ್ರೋಗ್ರಾಂ ಇರುವಾಗ ಹಳೆಯ ಮೆಷಿನ್ ಯಾಕೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಾಡು ಯಾವ ಪ್ರೋಗ್ರಾಂನಲ್ಲಿ ಹುಟ್ಟಿತೋ ಅದರಲ್ಲೇ ತೆರೆಯಬೇಕು, ಮತ್ತು ಆ ಪ್ರೋಗ್ರಾಂಗೆ ಸ್ಲಾಟ್‌ನಲ್ಲಿ ಕೂತ ಆ ಡಾಂಗಲ್ ಬೇಕು.

ಎಂಟನೇ ಪ್ಯಾಟರ್ನ್ ಅರ್ಧಕ್ಕೆ ನಿಂತಿದೆ. ಡ್ರಮ್ಸ್ ಕೊನೆಯವರೆಗೂ ಇದೆ, ಬೇಸ್ ಎರಡೇ ಬಾರ್, ಸ್ಟ್ರಿಂಗ್ಸ್ ಇಲ್ಲವೇ ಇಲ್ಲ. ಮುಂದಿನ ಕಾರ್ಡ್‌ಗಳು ಯಾವುವು ಅಂತ ಊಹಿಸುವುದು ಕಷ್ಟವಲ್ಲ. ಒಂದು ಸಂಜೆ ನುಡಿಸಿಯೂ ನೋಡಿದೆ. ಚೆನ್ನಾಗಿಯೇ ಇತ್ತು. ಸೇವ್ ಮಾಡಲಿಲ್ಲ.

ಮತ್ತೊಂದು ನಂಬರ್ ಬಗೆಹರಿದಿಲ್ಲ. ಡ್ರಮ್ಸ್ ಟ್ರ್ಯಾಕ್‌ನಲ್ಲಿ ಪ್ರತಿ ಪ್ಯಾಟರ್ನ್‌ನ ಎಂಟನೇ ಬಾರ್‌ನ ತುದಿಯಲ್ಲಿ 61 ಅಂತ ಒಂದು ಸಾಲು ಬರುತ್ತದೆ. ಜೋರು 38, 40 ಅಷ್ಟೇ. ಚಪ್ಪಾಳೆ ಹಾಕಿ ನೋಡಿದೆ, ಗಂಟೆ ಹಾಕಿ ನೋಡಿದೆ, ತಾಂಬೂರಿನ್, ರಿಮ್, ಸಿಂಬಲ್ ಎಲ್ಲ ಹಾಕಿದೆ. ಯಾವುದೂ ಅಲ್ಲ. ಸ್ಯಾಂಪ್ಲರ್ ಇಟ್ಟುಕೊಂಡವರು ಅದರಲ್ಲಿ ಏನನ್ನು ಬೇಕಾದರೂ ತುಂಬಿಸಬಹುದಿತ್ತು. ಬಾಗಿಲು ಹಾಕಿದ ಸದ್ದು, ಉಸಿರು ಎಳೆದ ಸದ್ದು, ಯಾರದ್ದೋ ದನಿಯಲ್ಲಿ ಒಂದು ಪದ. ಎಂಟನೇ ಪ್ಯಾಟರ್ನ್‌ನಲ್ಲಿ ಅದು ಎರಡು ಸಲ ಇದೆ.

ಈಗ ಅದಕ್ಕೆ ನಾನು ಯಾವ ಸದ್ದನ್ನೂ ಕೊಟ್ಟಿಲ್ಲ. ಹಾಡು ಅಲ್ಲಿಗೆ ಬಂದಾಗ ಪರದೆಯ ಮೇಲೆ 61 ಹಾದುಹೋಗುತ್ತದೆ, ಮಾಡ್ಯೂಲ್‌ನ ದೀಪ ಒಂದು ಸಲ ಮಿನುಗುತ್ತದೆ, ಸ್ಪೀಕರ್‌ನಲ್ಲಿ ಏನೂ ಬರುವುದಿಲ್ಲ.